ಸೊರಗುವ ಧಾರಾವಾಹಿ, ಸೊರಗದ ಚರ್ಚೆ

ಸಲೀಸಾಗಿ ಸಾಗುತ್ತಿರುವ ಧಾರಾವಾಹಿಯ ಬಗ್ಗೆ ಜನ ಅಷ್ಟಾಗಿ ಮಾತನಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ನೋಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಊಟಕ್ಕೆ ಏಳುತ್ತಾರೆ. ಕುಂಟತೊಡಗಿದ ಧಾರಾವಾಹಿಯ ವಿಷಯ ಬೇರೆ. ಅದು ಮನೆಯಲ್ಲಿ ಕಾಯಿಲೆ ಬಿದ್ದವರ ಹಾಗೆ. ಬಂದು ಹೋಗುವವರೆಲ್ಲ ವಿಚಾರಿಸುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಔಷಧಿ ಗೊತ್ತಿರುತ್ತದೆ.

ಹಾಸನದಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೊರಟ ಸಂಜೆಯ ಬಸ್ಸಿನಲ್ಲಿ, ಚನ್ನರಾಯಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಹಾಲು ಹಾಕಲು ಡೇರಿಯ ಮುಂದೆ ನಿಂತ ಸಾಲಿನಲ್ಲಿ ಕಿವಿಗೊಟ್ಟರೆ ಇಂಥ ವಿಚಾರಣೆ ಕೇಳಿಸುತ್ತದೆ. 'ಸುಮ್ಕೆ ಎಳೀತಾವ್ರೆ ಕಣಕ್ಕ' ಎಂದು ಒಬ್ಬರು. 'ಇಲ್ಲ ಕಣವ್ವ, ಟೈಮು ಬದಲಾಯಿಸಿದ್ರಲ್ಲ, ಅವತ್ತೇ ಕೆಟ್ಟೋಯ್ತು' ಎಂದು ಇನ್ನೊಬ್ಬರು. ಯಾವ ಪಾತ್ರ ಎಲ್ಲಿ ದಾರಿ ತಪ್ಪಿತು, ಯಾರನ್ನು ಸುಮ್ಮನೆ ತಂದು ಸೇರಿಸಿದರು, ಯಾರ ಮದುವೆ ಇಷ್ಟು ಬೇಗ ಆಗಬಾರದಿತ್ತು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ.

ಇದನ್ನು ಹೊತ್ತು ಹೋಗದವರ ಹರಟೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಧಾರಾವಾಹಿ ಉಳಿಯಬೇಕೋ ನಿಲ್ಲಬೇಕೋ ಎಂಬ ಪ್ರಶ್ನೆಗೆ ಮೂರು ಕಡೆಯಿಂದ ತೀರ್ಪು ಬರುತ್ತದೆ. ಅಂಕಿಸಂಖ್ಯೆ ಒಂದು ತೀರ್ಪು ಕೊಡುತ್ತದೆ, ವಿಮರ್ಶಕ ಒಂದು ಕೊಡುತ್ತಾನೆ, ನೋಡುಗ ಒಂದು ಕೊಡುತ್ತಾನೆ. ಈ ಮೂರೂ ಒಂದೇ ದಿಕ್ಕಿಗೆ ಮುಖ ಮಾಡುವುದು ಅಪರೂಪ. ಮೂರರಲ್ಲಿ ಜಾರಿಯಾಗುವುದು ಮಾತ್ರ ಒಂದೇ. ಹಾಸನ ಜಿಲ್ಲೆಯಂಥ ಸೀಮೆಯ ವೀಕ್ಷಕರಿಗೆ ಈ ವಿಷಯ ಸಣ್ಣದಲ್ಲ.

ಕಾಯಿಲೆಯ ಲಕ್ಷಣಗಳು

ಧಾರಾವಾಹಿ ಸೊರಗುತ್ತಿದೆ ಎಂದು ಯಾವ ವಾಹಿನಿಯೂ ಪ್ರಕಟಣೆ ಹೊರಡಿಸುವುದಿಲ್ಲ. ಆದರೂ ನಿತ್ಯ ನೋಡುವವರಿಗೆ ಅದು ತಿಳಿಯುತ್ತದೆ. ಲಕ್ಷಣಗಳು ಹೆಚ್ಚು ಕಡಿಮೆ ಎಲ್ಲ ಧಾರಾವಾಹಿಗಳಲ್ಲೂ ಒಂದೇ. ಮೊದಲು ಪ್ರಸಾರದ ಸಮಯ ಬದಲಾಗುತ್ತದೆ. ರಾತ್ರಿ ಎಂಟರ ಆಸುಪಾಸಿನಲ್ಲಿದ್ದದ್ದು ಸಂಜೆ ಆರಕ್ಕೋ ರಾತ್ರಿ ಹತ್ತರ ನಂತರಕ್ಕೋ ಸರಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಸಂಜೆ ಆರೆಂದರೆ ದನ ಕಟ್ಟಿ, ಹಾಲು ಕರೆದು, ಒಲೆ ಹಚ್ಚುವ ಹೊತ್ತು. ಹತ್ತರ ನಂತರವೆಂದರೆ ಅರ್ಧ ಊರು ಮಲಗಿರುವ ಹೊತ್ತು. ಹಾಗೆ ಸಮಯ ಬದಲಾದ ಮೇಲೆ ನೋಡುಗರು ಕಡಿಮೆಯಾದರೆ, ಆ ಇಳಿಕೆಯನ್ನೇ ಕಥೆಯ ದೌರ್ಬಲ್ಯಕ್ಕೆ ಸಾಕ್ಷಿ ಎಂದು ತೋರಿಸಲಾಗುತ್ತದೆ.

ಎರಡನೆಯ ಲಕ್ಷಣ ಹೊಸ ಪಾತ್ರದ ಪ್ರವೇಶ. ಎಲ್ಲಿಂದಲೋ ಒಬ್ಬ ಅಣ್ಣನೋ ಹಳೆಯ ಗೆಳತಿಯೋ ಬರುತ್ತಾರೆ. ಮೂರನೆಯದು, ಕಥೆ ಒಮ್ಮೆಲೇ ಕೆಲವು ವರ್ಷ ಮುಂದಕ್ಕೆ ಹಾರುವುದು. ನಿನ್ನೆ ತೊಟ್ಟಿಲಲ್ಲಿದ್ದ ಮಗು ಇಂದು ಕಾಲೇಜಿಗೆ ಹೊರಟಿರುತ್ತದೆ. ಇನ್ನೊಂದು ಧಾರಾವಾಹಿಯ ಕುಟುಂಬವನ್ನು ಕರೆತಂದು ಎರಡು ಕಥೆಗಳನ್ನು ಒಂದು ವಾರ ಒಟ್ಟಿಗೆ ನಡೆಸುವುದು, ಗಂಟೆಗಟ್ಟಲೆ ಮಹಾಸಂಚಿಕೆ ಹಾಕುವುದು ಇವೆಲ್ಲ ಅದೇ ಸಾಲಿನ ಚಿಕಿತ್ಸೆಗಳು. ಕೊನೆಯ ಲಕ್ಷಣವನ್ನು ಅನುಭವಸ್ಥ ವೀಕ್ಷಕರು ಕೂಡಲೇ ಗುರುತಿಸುತ್ತಾರೆ. ವರ್ಷಗಟ್ಟಲೆ ಬಿಡಿಸದೆ ಇಟ್ಟಿದ್ದ ಗಂಟುಗಳೆಲ್ಲ ಒಂದೇ ವಾರದಲ್ಲಿ ಬಿಚ್ಚಿಕೊಳ್ಳತೊಡಗಿದರೆ ಕಥೆಗೆ ಗಡುವು ಬಂದಿದೆ ಎಂದೇ ಅರ್ಥ.

ಇವನ್ನು ಓದುವ ಕಲೆಯನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮೋಡ ನೋಡಿ ಮಳೆ ಹೇಳುವ ರೈತನ ಹಾಗೆ, ದಿನವೂ ನೋಡಿ ಬಂದ ತಿಳಿವಳಿಕೆ ಅದು.

ಲೆಕ್ಕ ಹಾಕುವ ಡಬ್ಬಿ

ಜಾರಿಯಾಗುವ ತೀರ್ಪು ಯಾವುದು? ಜನ 'ಟಿಆರ್‌ಪಿ' ಎಂದು ಕರೆಯುವ ಅಂಕಿ. ಅದು ಹುಟ್ಟುವ ಬಗೆ ತಿಳಿದವರು ಕಡಿಮೆ.

ದೇಶದಲ್ಲಿ ಎಷ್ಟು ಮಂದಿ ಏನು ನೋಡುತ್ತಿದ್ದಾರೆ ಎಂದು ಮನೆಮನೆಗೂ ಹೋಗಿ ಎಣಿಸಲು ಸಾಧ್ಯವಿಲ್ಲ. ಆದ್ದರಿಂದ ಕೆಲವು ಮನೆಗಳನ್ನು ಮಾದರಿಯಾಗಿ ಆರಿಸಿ, ಅಲ್ಲಿನ ಟಿ.ವಿ.ಗೆ ಮಾಪಕವೊಂದನ್ನು ಜೋಡಿಸುತ್ತಾರೆ. ಇಂದು ಈ ಕೆಲಸ ಮಾಡುತ್ತಿರುವುದು 2015ರಲ್ಲಿ ಅಂಕಿಗಳನ್ನು ಕೊಡಲಾರಂಭಿಸಿದ 'ಬಾರ್ಕ್' ಸಂಸ್ಥೆ. ವಾಹಿನಿಗಳು ತಮ್ಮ ಧ್ವನಿಯ ಜೊತೆ ಕಿವಿಗೆ ಕೇಳದಂಥ ಗುರುತೊಂದನ್ನು ಸೇರಿಸಿ ಬಿತ್ತರಿಸುತ್ತವೆ. ಮಾಪಕ ಆ ಗುರುತನ್ನು ಹಿಡಿದು ಯಾವ ವಾಹಿನಿ ನಡೆಯುತ್ತಿದೆ ಎಂದು ದಾಖಲಿಸುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ ಇರುತ್ತದೆ; ಟಿ.ವಿ. ಮುಂದೆ ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ವಾರದ ಲೆಕ್ಕ ಗುರುವಾರ ಹೊರಬೀಳುತ್ತದೆ. ಧಾರಾವಾಹಿ ತಯಾರಿಸುವವರ ಪಾಲಿಗೆ ಗುರುವಾರವೆಂದರೆ ಪರೀಕ್ಷೆಯ ಫಲಿತಾಂಶದ ದಿನ.

2020ರ ಸುಮಾರಿಗೆ ಇಂಥ ಮಾಪಕಗಳಿದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಆಗ ದೇಶದಲ್ಲಿ ಟಿ.ವಿ. ಇದ್ದ ಮನೆಗಳು ಸುಮಾರು 21 ಕೋಟಿ. ಅಂದರೆ ಸರಾಸರಿ ನಾಲ್ಕೂಮುಕ್ಕಾಲು ಸಾವಿರ ಮನೆಗಳ ಅಭಿರುಚಿಗೆ ಒಂದು ಮನೆ ಪ್ರತಿನಿಧಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕೆಂಬುದು ನಿಜ. ಸಂಖ್ಯಾಶಾಸ್ತ್ರವೂ ಅದನ್ನೇ ಹೇಳುತ್ತದೆ. ಆದರೆ ಅಗುಳನ್ನು ಎತ್ತಿಕೊಳ್ಳುವುದು ಯಾವ ಪಾತ್ರೆಯಿಂದ ಎಂಬುದೂ ಮುಖ್ಯ.

ಇಲ್ಲಿಯೇ ಹಾಸನ ಜಿಲ್ಲೆಯ ಮಾತು ಬರುವುದು. 'ಬಾರ್ಕ್'ಗೆ ಮುಂಚೆ ಈ ಲೆಕ್ಕ ಹಾಕುತ್ತಿದ್ದ 'ಟ್ಯಾಮ್' ಸಂಸ್ಥೆಯ ಅಳತೆ ಬಹುಕಾಲ ಮುಖ್ಯವಾಗಿ ಒಂದು ಲಕ್ಷ ಹಾಗೂ ಅದಕ್ಕೂ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ ಸೀಮಿತವಾಗಿತ್ತು. ಹಾಸನ ನಗರದ ಜನಸಂಖ್ಯೆ ಲಕ್ಷ ದಾಟಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು 2011ರ ಜನಗಣತಿಯಲ್ಲೂ ಆ ಗೆರೆಯ ಹತ್ತಿರ ಸುಳಿಯಲಿಲ್ಲ. ಇನ್ನು ಹಳ್ಳಿಗಳ ಮಾತು ದೂರವೇ ಉಳಿಯಿತು. ಗ್ರಾಮೀಣ ವೀಕ್ಷಕರನ್ನು ಎಣಿಕೆಗೆ ಸೇರಿಸಿಕೊಂಡದ್ದು 2015ರ ಅಕ್ಟೋಬರ್ ನಂತರ. ಕನ್ನಡದ ಖಾಸಗಿ ವಾಹಿನಿಗಳು 1990ರ ದಶಕದ ನಡುವಿನಿಂದ ಹಳ್ಳಿ ಹಳ್ಳಿಗೂ ತಲುಪುತ್ತ ಬಂದವು. ಧಾರಾವಾಹಿಗಳು ಮನೆಯ ಒಳಗೆ ಬಂದು ಕೂತವು. ಆದರೆ ಸುಮಾರು ಎರಡು ದಶಕಗಳ ಕಾಲ ಅರಕಲಗೂಡಿನ ಒಬ್ಬ ತಂಬಾಕು ಬೆಳೆಗಾರನೋ ಚನ್ನರಾಯಪಟ್ಟಣದ ಒಬ್ಬ ತೆಂಗಿನ ತೋಟದ ಒಡತಿಯೋ ಟಿ.ವಿ. ಹಚ್ಚಿದರೂ ಆರಿಸಿದರೂ ಅಂಕಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಆಗುತ್ತಿರಲಿಲ್ಲ.

ಇದರಲ್ಲಿ ಒಂದು ವ್ಯಂಗ್ಯವೂ ಇದೆ. ದೂರದರ್ಶನದ ಕಾರ್ಯಕ್ರಮಗಳನ್ನು ದೇಶಕ್ಕೆಲ್ಲ ಹಂಚಿದ ಇನ್ಸಾಟ್ ಉಪಗ್ರಹಗಳನ್ನು ಕಕ್ಷೆಯಲ್ಲಿ ಕಾಯುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದಲೂ ಇರುವುದು ಹಾಸನದಲ್ಲೇ. ಆಕಾಶದ ಉಪಗ್ರಹವನ್ನು ಅದರ ಜಾಗದಲ್ಲಿ ನಿಲ್ಲಿಸುವ ಊರು ಇದು. ಇಲ್ಲಿಂದ ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಕೂತು ಟಿ.ವಿ. ನೋಡುವವರು ಮಾತ್ರ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಮಾಪಕದ ಪಾವಿತ್ರ್ಯವೂ ಪ್ರಶ್ನಾತೀತವಾಗಿ ಉಳಿದಿಲ್ಲ. 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು ರೇಟಿಂಗ್ ತಿರುಚಿದ ಆರೋಪದ ತನಿಖೆ ಕೈಗೆತ್ತಿಕೊಂಡಾಗ ಸುದ್ದಿವಾಹಿನಿಗಳ ಸಾಪ್ತಾಹಿಕ ಅಂಕಿಗಳನ್ನು ತಡೆಹಿಡಿಯಲಾಯಿತು. ಅವು ಮತ್ತೆ ಹೊರಬಂದದ್ದು 2022ರಲ್ಲಿ.

'ಹಮ್ ಲೋಗ್' ಕಲಿಸಿದ ಪಾಠ

ನೋಡುಗರ ಮಾತಿಗೆ ಬೆಲೆ ಸಿಕ್ಕಿದ್ದೇ ಇಲ್ಲವೇ? ಸಿಕ್ಕಿದೆ. ಅದಕ್ಕೆ ದೊಡ್ಡ ಉದಾಹರಣೆ ಭಾರತದ ಧಾರಾವಾಹಿ ಚರಿತ್ರೆಯ ಮೊದಲ ಪುಟದಲ್ಲೇ ಇದೆ.

1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾದ 'ಹಮ್ ಲೋಗ್' ಮೊದಮೊದಲು ಎಡವಿತು. ಮೆಕ್ಸಿಕೊ ದೇಶದ ಧಾರಾವಾಹಿಗಳ ಮಾದರಿಯಲ್ಲಿ, ಮನರಂಜನೆಯ ಜೊತೆ ಸಾಮಾಜಿಕ ಸಂದೇಶ ಕೊಡುವ ಉದ್ದೇಶ ಅದರದು. ಮೊದಲ ಹದಿಮೂರು ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶವೇ ಮುಂದಾಗಿ ಕಥೆ ಹಿಂದೆ ಬಿದ್ದಿತು. ವೀಕ್ಷಕರು ಬೇಸರ ತೋರಿಸಿದರು. ಲೇಖಕ ಮನೋಹರ ಶ್ಯಾಮ ಜೋಶಿ ಉಪದೇಶವನ್ನು ತಗ್ಗಿಸಿ ಮನೆಯೊಳಗಿನ ಜಗಳ, ಮಹಿಳೆಯರ ಸ್ಥಿತಿಗತಿ, ಕುಡಿತ, ನಿರುದ್ಯೋಗಗಳನ್ನು ಮುಂದಕ್ಕೆ ತಂದರು. ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತಾಡಿ, ವೀಕ್ಷಕರ ಪತ್ರಗಳನ್ನು ಪ್ರಸ್ತಾಪಿಸುತ್ತಿದ್ದರು. 156 ಕಂತು ನಡೆದ ಆ ಧಾರಾವಾಹಿಗೆ ಸುಮಾರು ನಾಲ್ಕು ಲಕ್ಷ ಪತ್ರಗಳು ಬಂದವು. ಕುಂಟುತ್ತಿದ್ದ ಕಥೆ ಎದ್ದು ನಡೆಯಿತು.

ಆದರೆ ಅಲ್ಲಿಯ ಇನ್ನೊಂದು ಪಾಠ ಹೆಚ್ಚು ಕುತೂಹಲದ್ದು. ಕಥೆಯ ತಾಯಿ ಭಾಗವಂತಿ ಎಲ್ಲವನ್ನೂ ಸಹಿಸಿಕೊಂಡು ಹೋಗುವ ಹೆಂಗಸು. ಹೀಗಿರಬಾರದು ಎಂದು ತೋರಿಸಲೆಂದೇ ಆ ಪಾತ್ರವನ್ನು ರೂಪಿಸಲಾಗಿತ್ತು. ಮುಂದೆ ಸಂಶೋಧಕರು ವೀಕ್ಷಕರನ್ನು ಮಾತನಾಡಿಸಿ ನೋಡಿದಾಗ, ಹಲವರು ಆಕೆಯನ್ನೇ ಆದರ್ಶವೆಂದು ಮೆಚ್ಚಿಕೊಂಡಿದ್ದರು. ಬರೆದವರು ಒಂದು ಹೇಳಿದರು, ನೋಡಿದವರು ಇನ್ನೊಂದು ಕೇಳಿಸಿಕೊಂಡರು. ಇದನ್ನು ತಪ್ಪು ತಿಳಿವಳಿಕೆ ಎನ್ನುವುದೋ? ತನ್ನ ಮನೆಯಲ್ಲಿ, ತನ್ನ ತಾಯಿಯಲ್ಲಿ ಭಾಗವಂತಿಯನ್ನು ಕಂಡವರಿಗೆ ಆಕೆ ಸೋತವಳಾಗಿ ಕಾಣಲಿಲ್ಲ. ಮನೆಯನ್ನು ಹಿಡಿದು ನಿಲ್ಲಿಸಿದವಳಾಗಿ ಕಂಡಳು. ಧಾರಾವಾಹಿಯ ಅರ್ಥ ಬರವಣಿಗೆಯ ಮೇಜಿನ ಮೇಲೆ ಅರ್ಧ, ನಡುಮನೆಯಲ್ಲಿ ಇನ್ನರ್ಧ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮುಗಿಯದೆ ನಿಂತ 'ಜಾನಕಿ'

ಪತ್ರಗಳು ಒಂದು ಕಥೆಯನ್ನು ಉಳಿಸಿದ್ದು ಒಂದೇ ವಾಹಿನಿಯಿದ್ದ ಕಾಲದ ಮಾತು. ಹತ್ತಾರು ವಾಹಿನಿಗಳ ಕಾಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ'.

ಸೀತಾರಾಮ್ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಡನೆ ಸೇರಿ 1998ರಲ್ಲಿ ದೂರದರ್ಶನಕ್ಕೆ ಕೊಟ್ಟ 'ಮಾಯಾಮೃಗ' ಕನ್ನಡ ಧಾರಾವಾಹಿಗೆ ಒಂದು ಘನತೆ ತಂದಿತು. ಮುಂದೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ' ಬಂದವು. ಮಧ್ಯಮವರ್ಗದ ಮನೆ, ನ್ಯಾಯಾಲಯದ ವಾದ ವಿವಾದ, ರಾಜಕಾರಣ ಮತ್ತು ಪ್ರಾಮಾಣಿಕತೆಯ ಜಗ್ಗಾಟ ಇವು ಅವರ ಕಥೆಗಳ ಗುರುತು. ವಕೀಲ ಸಿಎಸ್‌ಪಿ ಪಾತ್ರದಲ್ಲಿ ಸ್ವತಃ ಅವರೇ ಕಾಣಿಸಿಕೊಂಡು ಮನೆಮಾತಾದರು. 2018ರ ಜುಲೈಯಲ್ಲಿ 'ಕಲರ್ಸ್ ಸೂಪರ್'ನಲ್ಲಿ ಆರಂಭವಾದ 'ಮಗಳು ಜಾನಕಿ' ಅದೇ ಜಾಡಿನದು. ಅದು ಬಿತ್ತರಗೊಂಡದ್ದು ಆ ಸಮೂಹದ ಮುಖ್ಯ ವಾಹಿನಿಯಲ್ಲಿ ಅಲ್ಲ, 2016ರಲ್ಲಿ ಆರಂಭವಾದ ಎರಡನೆಯ ವಾಹಿನಿಯಲ್ಲಿ. ಮುಖ್ಯ ವಾಹಿನಿಯ ಧಾರಾವಾಹಿಗೆ ಸಿಗುವಷ್ಟು ನೋಡುಗರು ಅಲ್ಲಿ ಸಿಗುವುದು ಕಷ್ಟ. ಆದರೆ ಸಿಕ್ಕವರು ಬಿಗಿಯಾಗಿ ಹಿಡಿದುಕೊಂಡರು.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದು ಚಿತ್ರೀಕರಣಗಳೆಲ್ಲ ನಿಂತವು. ಮೇ ತಿಂಗಳಲ್ಲಿ ಷರತ್ತುಗಳೊಡನೆ ಮತ್ತೆ ಅನುಮತಿ ಸಿಕ್ಕಿತಾದರೂ ಜಾಹೀರಾತಿನ ಆದಾಯ ಕುಸಿದಿತ್ತು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಡಬ್ಬಿಂಗ್‌ಗೆ ಇದ್ದ ಅಡ್ಡಿ ಸಡಿಲವಾಗಿತ್ತು. ಹೊಸ ಕಂತುಗಳಿಲ್ಲದ ಆ ದಿನಗಳಲ್ಲಿ ಕನ್ನಡಕ್ಕೆ ಡಬ್ ಆದ 'ಮಹಾಭಾರತ'ದಂಥ ಹಿಂದಿ ಧಾರಾವಾಹಿಗಳು ತೆರೆಗೆ ಬಂದವು. ಆ ಹೊತ್ತಿನಲ್ಲಿ ಹಲವು ಕನ್ನಡ ಧಾರಾವಾಹಿಗಳು ಶಾಶ್ವತವಾಗಿ ನಿಂತುಹೋದವು. 'ಮಗಳು ಜಾನಕಿ' ಅವುಗಳಲ್ಲೊಂದು. ಕಥೆ ಮುಗಿದಿರಲಿಲ್ಲ. ನಡು ವಾಕ್ಯದಲ್ಲಿ ಮಾತು ನಿಂತ ಹಾಗಾಯಿತು.

ಮುಂದುವರಿಸಿ ಎಂದು ವೀಕ್ಷಕರು ಬಹಿರಂಗವಾಗಿ ಕೇಳಿಕೊಂಡರು. ಪ್ರಯೋಜನವಾಗಲಿಲ್ಲ. ಆದರೆ ಅಲ್ಲಿ ನಡೆದ ಚರ್ಚೆಯ ಧಾಟಿಯನ್ನು ಗಮನಿಸಬೇಕು. ಧಾರಾವಾಹಿ ನಿಧಾನವಾಗಿತ್ತೆಂದು ಮೆಚ್ಚುವವರೇ ಒಪ್ಪುತ್ತಿದ್ದರು. ವಕೀಲರ ಮಾತು ಉದ್ದವಾಯಿತು, ಒಳ್ಳೆಯವರೆಲ್ಲ ತೀರಾ ಒಳ್ಳೆಯವರು ಎಂಬ ಆಕ್ಷೇಪಗಳೂ ಇದ್ದವು. ಇಷ್ಟಾದರೂ ಬೇಕು ಎಂದವರು ಕೊಟ್ಟ ಕಾರಣ ಸರಳವಾದದ್ದು: ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು, ನೋಡಿದ ಮೇಲೆ ಮಾತನಾಡಬಹುದು. ಅಭಿಮಾನಿ ಎಂದರೆ ಕುರುಡ ಎಂಬ ಭಾವನೆ ಇಲ್ಲಿ ಸುಳ್ಳಾಗುತ್ತದೆ. ಸೊರಗಿದ ಕಥೆಯ ಜೊತೆ ಉಳಿಯುವವರಿಗೇ ಅದರ ದೋಷ ಚೆನ್ನಾಗಿ ಗೊತ್ತಿರುವುದು.

ವಿಮರ್ಶಕರ ಕನ್ನಡಕ

ಧಾರಾವಾಹಿಗಳ ಬಗ್ಗೆ ವಿಮರ್ಶಕರು ಬರೆದದ್ದು ಕಡಿಮೆ. ಬರೆದದ್ದರಲ್ಲಿ ದೂರುಗಳೇ ಹೆಚ್ಚು. ಅತ್ತೆ ಸೊಸೆಯರ ಕಾದಾಟ, ಒಡವೆ ಹೇರಿಕೊಂಡು ಅಡುಗೆಮನೆಯಲ್ಲಿ ನಿಲ್ಲುವ ಹೆಂಗಸರು, ಮುಗಿಯದ ಕಣ್ಣೀರು ಎಂಬ ಆಪಾದನೆಗಳು ಎಲ್ಲರಿಗೂ ಪರಿಚಿತ. ಅವು ಸುಳ್ಳೂ ಅಲ್ಲ. ಒಳ್ಳೆಯ ವಿಮರ್ಶಕ ಇನ್ನೂ ಮುಂದೆ ಹೋಗಿ ಕೇಳುತ್ತಾನೆ: ಈ ಮನೆಗಳಲ್ಲಿ ಒಕ್ಕಲುತನ ಮಾಡುವವರು ಏಕಿಲ್ಲ? ಕೂಲಿಯವರು ಏಕಿಲ್ಲ? ಜಾತಿಯ ಹೆಸರು ಏಕೆ ಬರುವುದಿಲ್ಲ? ಸೀತಾರಾಮ್ ಅವರಂಥವರ ಕಥೆಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಒಬ್ಬ ಪ್ರಾಮಾಣಿಕ ವಕೀಲ, ಒಬ್ಬ ಪ್ರಾಮಾಣಿಕ ಅಧಿಕಾರಿ ಇದ್ದರೆ ನ್ಯಾಯ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಮಧ್ಯಮವರ್ಗದ ಆಸೆಯೋ, ವಾಸ್ತವವೋ?

ಇಂಥ ಪ್ರಶ್ನೆಗಳನ್ನು ದಿನವೂ ನೋಡುವವರು ಸಾಮಾನ್ಯವಾಗಿ ಕೇಳುವುದಿಲ್ಲ. ಕಥೆಯೊಳಗೆ ಕೂತವರಿಗೆ ಕಥೆಯ ಗೋಡೆ ಕಾಣದು. ಹೊರಗೆ ನಿಂತವನಿಗೆ ಗೋಡೆ ಕಾಣುತ್ತದೆ, ಒಳಗಿನ ಒಲೆಯ ಬಿಸಿ ತಟ್ಟುವುದಿಲ್ಲ.

ಓದುಗರ ಮೆಚ್ಚುಗೆ ಮತ್ತು ವಿಮರ್ಶಕರ ಅಸಮಾಧಾನ ಎದುರುಬದುರು ನಿಲ್ಲುವುದು ಟಿ.ವಿ. ಬಂದ ಮೇಲೆ ಹುಟ್ಟಿದ ಸಮಸ್ಯೆಯಲ್ಲ. ಅರಕಲಗೂಡಿನ ಹೆಸರನ್ನೇ ಹೊತ್ತ ಅ.ನ.ಕೃ., ಅಂದರೆ ಅರಕಲಗೂಡು ನರಸಿಂಗರಾಯ ಕೃಷ್ಣರಾಯರು (1908-1971), ಇದನ್ನು ಜೀವಮಾನವಿಡೀ ಅನುಭವಿಸಿದವರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಕನ್ನಡಕ್ಕೆ ಹೊಸ ಓದುಗರ ಸಮೂಹವನ್ನೇ ತಂದುಕೊಟ್ಟು 'ಕಾದಂಬರಿ ಸಾರ್ವಭೌಮ' ಎನಿಸಿಕೊಂಡರು. ವೇಶ್ಯಾಸಮಸ್ಯೆಯನ್ನು ಕುರಿತ 'ನಗ್ನ ಸತ್ಯ', 'ಶನಿ ಸಂತಾನ', 'ಸಂಜೆಗತ್ತಲು' ಕಾದಂಬರಿಗಳು ಬಂದಾಗ ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದರು. ಬರೆದದ್ದು ಹೆಚ್ಚಾಯಿತು, ತಿದ್ದಿದ್ದು ಕಡಿಮೆಯಾಯಿತು ಎಂಬ ದೂರು ಅವರ ಮೇಲಿತ್ತು. ದಿನಕ್ಕೊಂದು ಕಂತು ಕೊಡಬೇಕಾದ ಇಂದಿನ ಧಾರಾವಾಹಿಯ ಮೇಲಿರುವುದೂ ಅದೇ ದೂರು. ಹಾಗಿದ್ದರೂ ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸ ಬೆಳೆದದ್ದು ಹೇಗೆಂದು ಚರಿತ್ರೆ ಬರೆಯುವವರು ಅ.ನ.ಕೃ. ಅವರನ್ನು ಬಿಟ್ಟು ಬರೆಯಲಾರರು.

ನಂಜಮ್ಮನ ಸೀಮೆಯಲ್ಲಿ

ನೋಡುಗರ ಓದೂ ವಿಮರ್ಶಕರ ಓದೂ ಒಂದಕ್ಕೊಂದು ಹೇಗೆ ಪೂರಕವಾಗಬಲ್ಲವು ಎಂಬುದಕ್ಕೆ ಚನ್ನರಾಯಪಟ್ಟಣದ ಕಡೆಗೇ ಬರಬೇಕು. ಎಸ್.ಎಲ್. ಭೈರಪ್ಪನವರ ಹುಟ್ಟೂರು ಸಂತೇಶಿವರ ಇರುವುದು ಈ ತಾಲ್ಲೂಕಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಭೈರಪ್ಪನವರ ವಿಷಯದಲ್ಲೂ ಓದುಗರ ಪ್ರೀತಿ ಮತ್ತು ವಿಮರ್ಶಕರ ತಕರಾರು ಎರಡೂ ಕೊನೆಯವರೆಗೆ ಜೊತೆಜೊತೆಗೇ ನಡೆದವು. 1970ರಲ್ಲಿ ಪ್ರಕಟವಾದ ಅವರ 'ಗೃಹಭಂಗ' ಕಾದಂಬರಿಯ ಭೂಮಿ ತಿಪಟೂರು, ಚನ್ನರಾಯಪಟ್ಟಣಗಳ ನಡುವಣ ಸೀಮೆ. ಕಾಲ, ಸ್ವಾತಂತ್ರ್ಯಕ್ಕೆ ಹಿಂದಿನ ಕೆಲವು ದಶಕಗಳು. ಸ್ವರ್ಣಕಮಲ ಪ್ರಶಸ್ತಿಗಳ ನಿರ್ದೇಶಕ ಗಿರೀಶ ಕಾಸರವಳ್ಳಿ ಅದನ್ನು 'ಈಟಿವಿ ಕನ್ನಡ'ಕ್ಕಾಗಿ ಧಾರಾವಾಹಿಯಾಗಿ ತೆಗೆದರು.

ಕೈಲಾಗದ ಶ್ಯಾನುಭೋಗ ಗಂಡ ಚೆನ್ನಿಗರಾಯ, ಬಾಯಿಬಿಟ್ಟರೆ ಬೈಗುಳ ಸುರಿಸುವ ಅತ್ತೆ ಗಂಗಮ್ಮ, ಇವರ ನಡುವೆ ಸಂಸಾರ ತೂಗಿಸುವ ನಂಜಮ್ಮ. ಗಂಡ ಬರೆಯಬೇಕಾದ ಲೆಕ್ಕದ ಪುಸ್ತಕಗಳನ್ನು ಅವಳೇ ಬರೆಯುತ್ತಾಳೆ. ಪ್ಲೇಗು ಬರುತ್ತದೆ. ಬೆಳೆದ ಮಕ್ಕಳು ಹೋಗುತ್ತಾರೆ. ಕೊನೆಗೆ ಅವಳೂ ಹೋಗುತ್ತಾಳೆ.

ವಿಮರ್ಶಕ ಇದನ್ನು ಕುಟುಂಬ ಎಂಬ ವ್ಯವಸ್ಥೆ ಒಳಗಿನಿಂದ ಕುಸಿಯುವ ಕಥೆಯೆಂದು ಓದಬಲ್ಲ. ಹೆಣ್ಣಿನ ದುಡಿಮೆ ಗಂಡಿನ ಹೆಸರಿನಲ್ಲಿ ದಾಖಲಾಗುವ ಪರಿಯೆಂದು ಓದಬಲ್ಲ. ಇಷ್ಟೊಂದು ಸಂಕಟವನ್ನು ಒಬ್ಬಳ ಮೇಲೆ ಹೇರಿದ್ದು ಸರಿಯೇ ಎಂದೂ ಕೇಳಬಲ್ಲ. ಈ ಸೀಮೆಯ ಹಿರಿಯ ವೀಕ್ಷಕರ ಓದಿನಲ್ಲಿ ಬೇರೆಯದು ಸೇರುತ್ತದೆ. ಶ್ಯಾನುಭೋಗಿಕೆ ಎಂದರೇನು, ಜಮಾಬಂದಿ ಎಂದರೇನು ಎಂದು ಅವರಿಗೆ ವಿವರಿಸಬೇಕಿಲ್ಲ. 1961ರ ಕಾಯ್ದೆ ಬಂದು ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾಗುವ ತನಕ ಊರಿನ ಕಂದಾಯದ ಜುಟ್ಟು ಯಾರ ಕೈಯಲ್ಲಿತ್ತು ಎಂಬುದು ಮನೆಗಳ ನೆನಪಿನಲ್ಲಿದೆ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದನ್ನು ಅಜ್ಜಿಯರು ಹೇಳಿದ್ದಾರೆ. ಗಂಗಮ್ಮನ ಬೈಗುಳ ಹೊರಗಿನವರಿಗೆ ಕರ್ಕಶವೆನಿಸಿದರೆ, ಇಲ್ಲಿಯವರಿಗೆ ಅದರ ಒಂದೊಂದು ಪದದ ತೂಕವೂ ಗೊತ್ತು. 'ಇಂಥೋಳೊಬ್ಬಳು ನಮ್ಮೂರಲ್ಲೂ ಇದ್ಲು' ಎಂಬ ಒಂದು ಮಾತಿನಲ್ಲಿ ಬರುವ ಅಧಿಕಾರ ಯಾವ ವಿಮರ್ಶಾಗ್ರಂಥಕ್ಕೂ ಬಾರದು.

ಎರಡೂ ಓದುಗಳನ್ನು ಪಕ್ಕದಲ್ಲಿಟ್ಟರೆ ಯಾವುದೂ ಕಡಿಮೆಯದಲ್ಲ ಎಂದು ತಿಳಿಯುತ್ತದೆ. ನಂಜಮ್ಮ ಗಂಡನನ್ನು ಬಿಟ್ಟು ಏಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ವಿಮರ್ಶಕ ಎತ್ತಬೇಕು. ಹೋಗುವುದಾದರೆ ಎಲ್ಲಿಗೆ ಎಂದು ಮರುಪ್ರಶ್ನೆ ಹಾಕಲು ಆ ಬದುಕನ್ನು ಕಂಡವರೇ ಬೇಕು.

ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಬೇಕು. 'ಗೃಹಭಂಗ'ಕ್ಕೆ ಮೊದಲೇ ಬರೆದಿಟ್ಟ ಕೊನೆ ಇತ್ತು. ಕಥೆ ಎಲ್ಲಿಗೆ ಹೋಗುತ್ತದೆ ಎಂಬುದು ನಿರ್ದೇಶಕನಿಗೂ ಗೊತ್ತು, ಕಾದಂಬರಿ ಓದಿದ್ದ ವೀಕ್ಷಕನಿಗೂ ಗೊತ್ತು. ನಿತ್ಯದ ಧಾರಾವಾಹಿಗೆ ಆ ಭಾಗ್ಯವಿಲ್ಲ. ಅಂಕಿ ಮೇಲಿದ್ದರೆ ಮುಗಿಯಬೇಕಾದ ಕಥೆಯನ್ನು ಮುಗಿಸಲು ಬಿಡುವುದಿಲ್ಲ. ಅಂಕಿ ಕೆಳಗಿಳಿದರೆ ಮುಗಿಯದ ಕಥೆಯನ್ನು ಮುಗಿಸಿಬಿಡುತ್ತಾರೆ. ಎರಡೂ ಕಡೆ ಪೆಟ್ಟು ತಿನ್ನುವುದು ಕಥೆಯೇ.

ಅಳತೆಗೆ ಸಿಗದ್ದು

ಹಾಗೆಂದು ಅಂಕಿಯನ್ನು ಶತ್ರುವೆಂದು ಜರೆಯುವುದೂ ಸರಿಯಲ್ಲ. ಧಾರಾವಾಹಿಗೆ ಹಣ ಬರುವುದು ಜಾಹೀರಾತಿನಿಂದ. ಜಾಹೀರಾತು ಕೊಡುವವರಿಗೆ ಎಷ್ಟು ಕಣ್ಣುಗಳು ತನ್ನ ಸೋಪು ನೋಡಿದವು ಎಂಬ ಲೆಕ್ಕ ಬೇಕು. ಬೆಳಕಿನ ಹುಡುಗನಿಂದ ಹಿಡಿದು ನಾಯಕಿಯವರೆಗೆ ಒಂದು ಧಾರಾವಾಹಿಯನ್ನು ನಂಬಿದ ಹತ್ತಾರು ಸಂಸಾರಗಳಿವೆ. ಹಳ್ಳಿಗಳನ್ನು ಎಣಿಕೆಗೆ ತಂದದ್ದೂ ಅದೇ ಮಾಪಕ. ಅದು ಬಂದ ಮೇಲೆ ಊರುಕಡೆಯ ಕಥೆಗಳಿಗೂ ಮಾರುಕಟ್ಟೆ ಇದೆಯೆಂದು ವಾಹಿನಿಗಳಿಗೆ ಅಂಕಿಯಲ್ಲೇ ಕಾಣುವಂತಾಯಿತು.

ತೊಂದರೆಯಿರುವುದು ಮಾಪಕ ಅಳೆಯುವ ವಸ್ತುವಿನಲ್ಲಿ. ಎಷ್ಟು ಹೊತ್ತು ಟಿ.ವಿ. ಹಚ್ಚಿತ್ತು ಎಂದು ಅದು ಹೇಳುತ್ತದೆ. ಆರಿಸಿದ ಮೇಲೆ ಎಷ್ಟು ಹೊತ್ತು ಮಾತು ನಡೆಯಿತು ಎಂದು ಹೇಳುವುದಿಲ್ಲ. ಸೊಪ್ಪು ಸೋಸುತ್ತ ಅರ್ಧ ಕಣ್ಣಲ್ಲಿ ನೋಡಿದ ಕಂತೂ, ಎರಡು ದಿನ ಕಾಡಿದ ಕಂತೂ ಅದರ ಪಾಲಿಗೆ ಒಂದೇ.

ಅಮೆರಿಕದಲ್ಲಿ 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಇದೇ ಕಾರಣಕ್ಕೆ ನೆನಪಾಗುತ್ತದೆ. ಎರಡನೆಯ ವರ್ಷಕ್ಕೇ ನಿಲ್ಲುವ ಹಂತಕ್ಕೆ ಬಂದಾಗ ಅಭಿಮಾನಿಗಳು ಪತ್ರ ಚಳವಳಿ ನಡೆಸಿ ಮೂರನೆಯ ವರ್ಷಕ್ಕೆ ಉಳಿಸಿಕೊಂಡರು. ಕಡಿಮೆ ವೀಕ್ಷಕರೆಂಬ ಕಾರಣಕ್ಕೆ 1969ರಲ್ಲಿ ನಿಂತೇ ಹೋಯಿತು. ಆಮೇಲೆ ಮರುಪ್ರಸಾರಗಳಲ್ಲಿ ಅದಕ್ಕೆ ಸಿಕ್ಕ ಜನಪ್ರೀತಿ ಎಷ್ಟೆಂದರೆ ಅದರಿಂದ ಸಿನಿಮಾಗಳ ಸಾಲೇ ಹುಟ್ಟಿತು. ಸೋತದ್ದೆಂದು ಬರೆದಿಟ್ಟ ಲೆಕ್ಕವನ್ನು ಕಾಲ ತಿದ್ದಿತು. ಕನ್ನಡದಲ್ಲೂ 'ಮಾಯಾಮೃಗ'ದ ನೆನಪು ಅಳಿಯದ್ದರಿಂದಲೇ 2022ರಲ್ಲಿ ಅದರ ಮುಂದುವರಿಕೆಯಾಗಿ 'ಮತ್ತೆ ಮಾಯಾಮೃಗ' ಸಿರಿಕನ್ನಡ ವಾಹಿನಿಯಲ್ಲಿ ಆರಂಭವಾಯಿತು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಪಾತ್ರಗಳು ಈಗ ಹೇಗಿದ್ದಾರೆ ಎಂದು ವಿಚಾರಿಸುವ ಜನ ಇನ್ನೂ ಇದ್ದರು ಎಂದಾಯಿತು.

ವಿಮರ್ಶಕರು ಧಾರಾವಾಹಿಯನ್ನು ಗಂಭೀರವಾಗಿ ನೋಡತೊಡಗಿದರೆ, ಅವರಿಗೆ ಬೇಕಾದ ಸಾಮಗ್ರಿಯೆಲ್ಲ ಈ ಊರುಗಳ ಮಾತುಕತೆಯಲ್ಲಿದೆ. ಯಾವ ತಾಯಿಯನ್ನು ಜನ ಮೆಚ್ಚಿದರು, ಯಾವ ಗಂಡನನ್ನು ಕ್ಷಮಿಸಲಿಲ್ಲ, ಯಾವ ತೀರ್ಪು ಅನ್ಯಾಯವೆನಿಸಿತು ಎಂಬುದು ಒಂದು ಸಮಾಜ ತನ್ನ ಬಗ್ಗೆ ತಾನೇ ನಡೆಸುವ ವಿಚಾರಣೆ. ನೆರೆಮನೆಯ ಸೊಸೆಯ ಬಗ್ಗೆ ಬಾಯಿಬಿಟ್ಟು ಆಡಲಾಗದ್ದನ್ನು ಧಾರಾವಾಹಿಯ ಸೊಸೆಯ ನೆಪದಲ್ಲಿ ಆಡಬಹುದು. ಆ ನೆಪ ಕಳೆದುಹೋದಾಗ ಕಳೆದುಹೋಗುವುದು ಅರ್ಧ ಗಂಟೆಯ ಮನರಂಜನೆ ಮಾತ್ರವಲ್ಲ.

ಗುರುವಾರದ ಅಂಕಿ ಬಂದು ಹೋಗುತ್ತದೆ. ಒಂದು ಧಾರಾವಾಹಿ ನಿಲ್ಲುತ್ತದೆ, ಅದೇ ಹೊತ್ತಿಗೆ ಇನ್ನೊಂದು ಆರಂಭವಾಗುತ್ತದೆ. ಹೊಳೆನರಸೀಪುರದ ಬಸ್ಸಿನಲ್ಲಿ, ಅರಕಲಗೂಡಿನ ಸಂತೆಯಲ್ಲಿ, ಚನ್ನರಾಯಪಟ್ಟಣದ ಜಗುಲಿಗಳ ಮೇಲೆ 'ಆಮೇಲೆ ಅವಳೇನಾದ್ಲು?' ಎಂಬ ಪ್ರಶ್ನೆ ಮಾತ್ರ ಉಳಿದಿರುತ್ತದೆ. ಉತ್ತರ ಕೊಡಬೇಕಾದವರು ಕೊಡದಿದ್ದಾಗ ಆ ಜನ ತಮ್ಮಲ್ಲೇ ಕಥೆಯನ್ನು ಮುಗಿಸಿಕೊಳ್ಳುತ್ತಾರೆ. ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಗಿ.